ಒಂಬತ್ತನೇ ಅಧ್ಯಾಯ ಈಗಲೇ ಬೇಡ

ಅವಳು ಬೀಸಿ ಎಸೆದ ಪುಸ್ತಕದ ಮೂಲೆ ಸೀದಾ ಅವನ ಹುಬ್ಬಿಗೆ ಬಡಿಯಿತು. ರಕ್ತ ಬಂತು.

ತಪ್ಪು ಅವನದೂ ಸ್ವಲ್ಪ ಇತ್ತು ಅನ್ನಿ. ಹತ್ತು ದಿನದಲ್ಲಿ ಡೇಟಾಬೇಸ್ ಕಲಿಯಬೇಕು, ಅಂಗಡಿಯಲ್ಲಿರುವ ಎಲ್ಲಕ್ಕಿಂತ ದಪ್ಪ ಪುಸ್ತಕ ಕೊಡಿ ಎಂದು ಅವಳು ಕೇಳಿದ್ದಳು. ಪುಸ್ತಕದಂಗಡಿಯವನು ಅವಳ ಒಡೆದ ತುಟಿಯನ್ನೊಮ್ಮೆ ನೋಡಿ, ತೆಳ್ಳಗಿನದೊಂದನ್ನು ಮುಂದಿಟ್ಟಿದ್ದ.

"ದಪ್ಪದ್ದು ನಿಮಗಲ್ಲ."

ಬೆಳಿಗ್ಗೆಯಷ್ಟೇ ಅಣ್ಣನೂ, ಓದೋದೆಲ್ಲ ನಿನಗಲ್ಲ ಅಂತ ಹೇಳಿಯೇ ಹೊಡೆದಿದ್ದ.

ಆಸ್ಪತ್ರೆಯ ರೆಕಾರ್ಡ್ ರೂಮಿನಲ್ಲಿ ಅವಳಿಗೆ ಫೈಲಮ್ಮ ಎಂದೇ ಹೆಸರು. ಆರು ವರ್ಷ ಫೈಲು ಹೊತ್ತವಳು. ಈಗ ಎಲ್ಲವೂ ಕಂಪ್ಯೂಟರಿಗೆ ಹೋಗುತ್ತಿತ್ತು. ಹತ್ತು ದಿನಕ್ಕೆ ಡೇಟಾಬೇಸ್ ಪರೀಕ್ಷೆ. ಪಾಸಾದರೆ ಕೆಲಸ ಕಾಯಂ, ಜೊತೆಗೆ ಕ್ವಾರ್ಟರ್ಸ್‌ನಲ್ಲಿ ಒಂದು ಕೋಣೆ. ಫೇಲಾದರೆ... ಅದೇ ಅಣ್ಣನ ಮನೆ, ಅದೇ ಅಣ್ಣನ ಕೈ.

ಅಂಗಡಿಯವನು ಕರ್ಚೀಫನ್ನು ಹುಬ್ಬಿಗೊತ್ತಿಕೊಂಡು ಸಮಾಧಾನವಾಗಿಯೇ ವಿವರಿಸಿದ. ದಪ್ಪದ್ದು ಆಗಲೇ ಗೊತ್ತಿರುವವರು ಬೇಕಾದಾಗ ತೆರೆದು ನೋಡೋದಕ್ಕೆ. ಹೊಸಬರು ಹಿಡಿದರೆ ಮೂರನೇ ಪುಟಕ್ಕೇ ಕೈಚೆಲ್ಲುತ್ತಾರೆ. ತೆಳ್ಳಗಿನದರಲ್ಲಿ ಪುಟಪುಟಕ್ಕೂ ಮಾಡಿ ನೋಡುವ ಅಭ್ಯಾಸವಿದೆ.

"ನಿಮ್ಮನ್ನ ದಡ್ಡಿ ಅಂದಿದ್ದಲ್ಲ. ಹತ್ತೇ ದಿನ ಇದೆಯಲ್ಲ, ಅದಕ್ಕೆ."

ಅಯ್ಯೋ, ಹಾಳಾದ ಕೋಪ! ಅವಳಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಅವನು ಪರಿವಿಡಿಯ ಪಕ್ಕದಲ್ಲಿ ಪೆನ್ಸಿಲಿನಿಂದ ಬರೆದುಕೊಟ್ಟ: 'ಸಂಬಂಧ ಬೆಳೆಸುವ ಒಂಬತ್ತನೇ ಅಧ್ಯಾಯ ಈಗಲೇ ಬೇಡ. ಮೊದಲು ಟೇಬಲ್ ಗಟ್ಟಿಯಾಗಲಿ.' ಟೇಬಲ್ ಅಂದರೆ ಮಾಹಿತಿ ತುಂಬುವ ಪಟ್ಟಿ. ಸಂಬಂಧ ಅಂದರೆ ಎರಡು ಪಟ್ಟಿಗಳ ನಂಟು, ಅಷ್ಟೇ.

ಆಮೇಲೆ ದಿನಾ ಮಧ್ಯಾಹ್ನ ಅನುಮಾನ ಕೇಳುವ ನೆಪದಲ್ಲಿ ಅಂಗಡಿಗೆ ಹೋದಳು. ಅವನು ದನಿಯೆತ್ತದೆ ಮಾತಾಡುತ್ತಿದ್ದ. ಗಂಡಸರು ಹೀಗೂ ಇರ್ತಾರಾ... ಆ ಯೋಚನೆಗೇ ಅವಳ ಎದೆ ಡವಗುಟ್ಟುತ್ತಿತ್ತು. ಅವನು ಬೇಡ ಅಂದಿದ್ದ ಒಂಬತ್ತನೇ ಅಧ್ಯಾಯವನ್ನೂ ಕದ್ದು ಒಂದು ಪುಟ ಓದಿಬಿಟ್ಟಿದ್ದಳು. ಎರಡು ಪಟ್ಟಿಗಳನ್ನು ಬೆಸೆಯುವ ಗುರುತಿಗೆ ಕೀ ಅನ್ನುತ್ತಾರಂತೆ.

ಏಳನೇ ದಿನ ಪುಸ್ತಕ ಅಣ್ಣನ ಕೈಗೆ ಸಿಕ್ಕಿತು. ಅಣ್ಣ ಬಡಗಿ. ಪೆನ್ಸಿಲಿನ ಸಾಲು ಓದಿದ್ದೇ ತಡ, ಅವಳ ಜುಟ್ಟು ಹಿಡಿದು ಗೋಡೆಗೆ ಅಪ್ಪಳಿಸಿದ.

"ಟೇಬಲ್ ಗಟ್ಟಿ ಮಾಡೋನು ನಾನು. ನನ್ನನ್ನೇ ಆಡಿಕೊಂಡು ನನ್ನ ತಂಗಿ ಹತ್ರ ಸಂಬಂಧ ಬೆಳೆಸ್ತಾನಾ ಅವನು?"

ಅದು ಪಾಠ ಕಣೋ ಅಣ್ಣ ಎಂದು ಅವಳು ಎಷ್ಟು ಬಡಕೊಂಡರೂ ಅವನ ಕಿವಿಗೆ ಬೀಳಲಿಲ್ಲ. ಒಂಬತ್ತನೇ ಅಧ್ಯಾಯವನ್ನು ಹರಿದು ಬಿಸಾಕಿ, ಮೊದಲ ಪುಟದಲ್ಲಿದ್ದ ಅಂಗಡಿಯ ಮೊಹರು ನೋಡಿಕೊಂಡು, ಸುತ್ತಿಗೆ ಎತ್ತಿಕೊಂಡು ಹೊರಟ. ಅವಳು ಬರಿಗಾಲಲ್ಲಿ ಹಿಂದೆಯೇ ಓಡಿದಳು.

ಅವಳು ಅಲ್ಲಿಗೆ ತಲುಪುವಷ್ಟರಲ್ಲಿ ಅಂಗಡಿಯ ಗಾಜು ಪುಡಿಪುಡಿಯಾಗಿತ್ತು, ಕಪಾಟು ಉರುಳಿತ್ತು. ಅಣ್ಣ ಅಂಗಡಿಯವನ ಬಲಗೈಯನ್ನು ಮೇಜಿಗೊತ್ತಿ ಹಿಡಿದು ಸುತ್ತಿಗೆ ಇಳಿಸಿದ. ಮೂಳೆ ಮುರಿದ ಸದ್ದು ಅವಳಿಗೆ ಬಾಗಿಲಿನಲ್ಲೇ ಕೇಳಿಸಿತು.

ಸುತ್ತಿಗೆ ಮತ್ತೆ ಮೇಲೆದ್ದಿತು, ಈ ಸಲ ತಲೆಗೆ.

ಅವಳ ಕೈಗೆ ಸಿಕ್ಕಿದ್ದು ಆ ದಪ್ಪ ಪುಸ್ತಕ. ಎರಡೂ ಕೈಯಲ್ಲೆತ್ತಿ ಅಣ್ಣನ ಕಿವಿಯ ಹಿಂದೆ ಬಾರಿಸಿದಳು. ಅವನು ಮಂಡಿಯೂರಿದ. ಮತ್ತೆ ಬಾರಿಸಿದಳು. ಆರು ವರ್ಷ ಫೈಲು ಹೊತ್ತ ತೋಳು ಅದು!

"ಸಾಕು ಬಿಡಿ," ಅಂಗಡಿಯವನು ಎಡಗೈಯಿಂದ ಅವಳನ್ನು ತಡೆದ. "ಅವನ ಹಾಗೆ ಆಗೋದು ಬೇಡ ನೀವು."

ಪುಸ್ತಕ ಅವಳ ಕೈಯಿಂದ ಜಾರಿತು. ಬೀದಿಯ ಜನ ಅಣ್ಣನನ್ನು ಹಿಡಿದು ಪೊಲೀಸರಿಗೊಪ್ಪಿಸಿದರು.

ಮೂರು ದಿನದ ಮೇಲೆ, ಊದಿದ ಕೆನ್ನೆಯಲ್ಲೇ ಪರೀಕ್ಷೆ ಬರೆದಳು. ಫಲಿತಾಂಶ ಬಂದ ದಿನ ನೇರ ಅಂಗಡಿಗೆ ಬಂದಳು. ಅವನು ಪ್ಲಾಸ್ಟರ್ ಹಾಕಿದ ಕೈಯನ್ನು ಕುತ್ತಿಗೆಗೆ ತೂಗುಹಾಕಿಕೊಂಡು ಒಂದೇ ಕೈಯಲ್ಲಿ ಪುಸ್ತಕ ಜೋಡಿಸುತ್ತಿದ್ದ.

"ಪಾಸಾದೆ. ಹರಿದುಹೋದ ಅಧ್ಯಾಯದಿಂದಲೇ ಪ್ರಶ್ನೆ ಬಂತು. ಸಂಬಂಧ ಹೇಗೆ ಆಗುತ್ತೆ ಅಂತ."

"ಏನು ಬರೆದ್ರಿ?"

"ಎರಡೂ ಕಡೆ ಒಂದೇ ಕೀ ಇರಬೇಕು ಅಂತ."

ಅವಳು ಕ್ವಾರ್ಟರ್ಸ್‌ನ ಕೋಣೆಯ ಎರಡು ಕೀಗಳಲ್ಲಿ ಒಂದನ್ನು ಮೇಜಿನ ಮೇಲಿಟ್ಟಳು. ಅವನ ಕಣ್ಣು ತುಂಬಿತು.

"ಇದಕ್ಕೆ... ನಿಮ್ಮ ಮನೇಲಿ ಯಾರನ್ನ ಕೇಳಬೇಕು?"

"ನನ್ನನ್ನೇ ಕೇಳಿ. ಈಗ ಮನೆ ನನ್ನದೇ."