ಸೇವ್ ಪಕ್ಕದಲ್ಲೇ ಲೋಡ್

"ಆಡೋದಾದ್ರೆ ಆಡಪ್ಪಾ. ಸತ್ರೆ ಮೊದಲಿಂದ ಶುರು ಮಾಡು. ನಡುವೆ ಎಲ್ಲಿಂದಾದ್ರೂ ಹಿಂದಕ್ಕೆ ಮಾತ್ರ ಹೋಗಬೇಡ," ಎಂದಳು ಹಳೇ ಸಾಮಾನಿನ ಅಂಗಡಿಯ ಮುದುಕಿ.

ಮೇಷ್ಟ್ರಿಗೆ ನಗು ತಡೆಯಲಾಗಲಿಲ್ಲ. ಅವರು ಯಾವ ಶಾಲೆಯ ಮೇಷ್ಟ್ರೂ ಅಲ್ಲ. ಹಳೇ ಟಿವಿ ಗೇಮುಗಳನ್ನು ಎಮ್ಯುಲೇಟರ್ ಎಂಬ ಆ್ಯಪ್ ಹಾಕಿಕೊಂಡು ಮೊಬೈಲಿನಲ್ಲಿ ಆಡುವುದು ಹೇಗೆಂದು ವಿಡಿಯೊ ಮಾಡಿ, ನೋಡುವವರನ್ನೇ ಬೈದು ಬೈದು ಆ ಹೆಸರು ಗಿಟ್ಟಿಸಿಕೊಂಡವರು. ಎಲ್ಲಿ ಆಡುತ್ತಿದ್ದೇವೋ ಅಲ್ಲೇ ನಿಲ್ಲಿಸಿಡಲು ಸೇವ್, ಸತ್ತರೆ ಅಲ್ಲಿಗೇ ಮರಳಲು ಲೋಡ್, ಎರಡೂ ಬಟನ್ನು ಅಕ್ಕಪಕ್ಕ. ಸೇವ್ ಬದಲು ಲೋಡ್ ಒತ್ತಿ ದಿನವಿಡೀ ಆಡಿದ್ದೆಲ್ಲ ಕಳೆದುಕೊಂಡೆ ಎಂದು ಯಾರಾದರೂ ಗೋಳಾಡಿದರೆ ಸಾಕು, ಮೇಷ್ಟ್ರ ಬಾಯಲ್ಲಿ ಒಂದೇ ಮಾತು. "ಕಣ್ಣು ಎಲ್ಲಿಟ್ಕೊಂಡಿದ್ರಿ ಸ್ವಾಮಿ?" ಹೀಗೆ ಉಗಿಸಿಕೊಳ್ಳಲು ಸಾವಿರಾರು ಮಂದಿ ಕಾದು ಕೂತಿರುತ್ತಿದ್ದರು. ಅಂಥವರಿಗೆ ಇಂಥ ಮೇಷ್ಟ್ರೇ ಸರಿ ಬಿಡಿ.

ಮುದುಕಿಯ ಮುಂದಿದ್ದ ಗೇಮ್ ಕ್ಯಾಸೆಟ್ಟಿಗೆ ಕಪ್ಪು ದಾರ ಬಿಗಿದಿತ್ತು. ಅದರ ಮೇಲಿನ ಹರಿದ ಚೀಟಿಯ ಕೆಳಗೆ ಮೇಣದಲ್ಲಿ ಅಂಟಿಸಿದ ಒಂದೆಳೆ ಕೂದಲು, ಹಸುಗೂಸಿನ ಕೂದಲಿನಷ್ಟು ನಯ. ಮೂಗಿಗೆ ಹಿಡಿದರೆ ಏನೋ ಸುಟ್ಟ ಕಮಟು. ಕ್ಯಾಸೆಟ್ಟು ಅವಳ ಅಣ್ಣನದಂತೆ. ಮಗುವಿಗೆ ಜ್ವರ ಏರುತ್ತಿದ್ದರೂ ಅಣ್ಣ ಇದೊಂದು ಸಲ, ಇದೊಂದು ಸಲ ಎನ್ನುತ್ತ ಟಿವಿ ಮುಂದಿನಿಂದ ಏಳಲಿಲ್ಲವಂತೆ. ಮಗು ಹೋಯಿತು. ಅತ್ತಿಗೆ ಅಳಲಿಲ್ಲ, ಮಾಟಗಾರನನ್ನು ಹುಡುಕಿಕೊಂಡು ಹೋದಳು. ಆಟದಲ್ಲಿ ಸತ್ತವನು ಎದ್ದು ಬರುತ್ತಾನೆ, ನನ್ನ ಮಗು ಬರಲಿಲ್ಲ, ಇನ್ನು ಈ ಆಟದಲ್ಲಿ ಯಾರು ಹಿಂದಕ್ಕೆ ಹೋದರೂ ಅವರ ಮಗುವೂ ಹಿಂದಕ್ಕೆ ಹೋಗಲಿ ಎಂದು ಕಟ್ಟಿಸಿದ ಮಾಟವಂತೆ.

ಆ ಕಾಲದ ಗೇಮ್ ಪೆಟ್ಟಿಗೆಯಲ್ಲಿ ಹಿಂದಕ್ಕೆ ಹೋಗುವ ಬಟನ್ನೇ ಇರಲಿಲ್ಲ, ನಿಮ್ಮ ಅತ್ತಿಗೆಗೆ ಆಟದ ಗಂಧಗಾಳಿಯೇ ಗೊತ್ತಿರಲಿಲ್ಲ ಎಂದು ಮೇಷ್ಟ್ರು ಗೇಲಿ ಮಾಡಿದರು. ಮುದುಕಿ ಮನೆಯಲ್ಲಿ ಮಗು ಇದೆಯಾ ಎಂದು ಕೇಳಿದಳು. ಹೆಂಡತಿಗೆ ಈಗ ಏಳು ತಿಂಗಳು ಎಂದದ್ದೇ ತಡ, ಕ್ಯಾಸೆಟ್ಟನ್ನು ಸೆರಗಿನೊಳಕ್ಕೆ ಎಳೆದುಕೊಂಡಳು. ಮೇಷ್ಟ್ರು ಅದನ್ನು ಕೈಯಿಂದ ಕಿತ್ತುಕೊಂಡೇ ಹೊರಟರು. ದುಡ್ಡು ಕೊಟ್ಟಿದ್ದೇನಲ್ಲ ಎಂಬ ಧಿಮಾಕು ಬೇರೆ.

ಮನೆಗೆ ಬಂದು ಕತ್ತರಿಯಿಂದ ದಾರ ಕತ್ತರಿಸಿದರು. ವೈರು ಸಿಕ್ಕಿಸಿ ಆಟವನ್ನು ಫೋನಿಗೆ ಇಳಿಸಿದರು. ಮುದುಕಿಯ ದನಿಯನ್ನು ಅಣಕಿಸುತ್ತ ಇಡೀ ಕತೆಯನ್ನು ಕ್ಯಾಮೆರಾಗೆ ಹೇಳಿದರು. ಗೋಡೆಯಾಚೆ ಹೊಟ್ಟೆ ನೀವಿಕೊಳ್ಳುತ್ತ ಕೂತಿದ್ದ ಹೆಂಡತಿ ಎಲ್ಲ ಕೇಳಿಸಿಕೊಂಡಳು. ಬೇಡಾರೀ, ಬೇರೆ ಯಾವುದಾದರೂ ಆಡಿ ಎಂದಳು. ಬಸುರಿಗೆ ಬುದ್ಧಿಯೂ ಕಾಲಿನ ಹಾಗೆ ಊದಿಕೊಂಡಿದೆ ಎಂದು ಮೇಷ್ಟ್ರು ನಕ್ಕು, ಆಟದ ಮೊದಲ ಸೇತುವೆಯವರೆಗೆ ಹೋಗಿ ಒಂದನೇ ಸ್ಲಾಟಿನಲ್ಲಿ, ಅಂದರೆ ಸೇವ್ ಇಡುವ ಮೊದಲ ಖಾನೆಯಲ್ಲಿ, ಸೇವ್ ಮಾಡಿದರು.

ಆಮೇಲೆ ಆಸ್ಪತ್ರೆ ಓಡಾಟ ಶುರುವಾಯಿತು, ಆಟ ಅಲ್ಲಿಗೇ ನಿಂತಿತು. ಹೆರಿಗೆ ಹೆಂಡತಿಯ ಜೀವಕ್ಕೇ ಬಂತು. ಹಾಸಿಗೆಯಲ್ಲಿದ್ದ ರಕ್ತ ನೋಡಿ ಮೇಷ್ಟ್ರ ಬಾಯಿ ಜೀವನದಲ್ಲಿ ಮೊದಲ ಸಲ ಮುಚ್ಚಿತು. ತಾಯಿ ಉಳಿದದ್ದೇ ಪುಣ್ಯ, ಇನ್ನೊಂದು ಹೆರಿಗೆ ತಡೆಯುವ ಮೈಯಲ್ಲ ಇದು ಎಂದರು ಡಾಕ್ಟರಮ್ಮ. ಮಗಳು ಮಾತ್ರ ಗುಂಡುಗುಂಡಾಗಿ ಬೆಳೆದಳು, ನಡೆದಳು, ಅಪ್ಪನ ಚಪ್ಪಲಿ ಹಾಕಿಕೊಂಡು ಮನೆಯೆಲ್ಲ ಸುತ್ತಿದಳು.

ಮಗಳಿಗೆ ಎರಡು ತುಂಬುವ ಹೊತ್ತಿಗೆ ಮೇಷ್ಟ್ರಿಗೆ ಆ ಆಟ ನೆನಪಾಯಿತು. ಎರಡನೇ ಸ್ಲಾಟಿನಲ್ಲಿ ಸೇವ್ ಮಾಡುತ್ತ ಮತ್ತೆ ಹಿಡಿದರು. ಸತ್ತರೆ ಲೋಡ್, ಬಿದ್ದರೆ ಲೋಡ್. ಬೆಳಿಗ್ಗೆ "ಕಿಟಕಿ" ಅನ್ನಲು ಕಲಿತ ಮಗು ಮಧ್ಯಾಹ್ನ ಅದನ್ನು ಮರೆತಿತ್ತು. ಹಿಂದಿನ ದಿನ ಮೂಡಿದ್ದ ಹಲ್ಲು ಒಸಡಿನಲ್ಲಿ ಇರಲಿಲ್ಲ. ಹೆಂಡತಿ ಮಗುವನ್ನು ಎತ್ತಿಕೊಂಡು ಬಂದು ಬಾಗಿಲಲ್ಲಿ ನಿಂತಳು.

"ನಿನ್ನೆ ತಾನೇ ಇವಳ ಮುಂಗೂದಲು ಕತ್ತರಿಸಿದ್ದೆ. ಮತ್ತೆ ಕಣ್ಣಿಗೆ ಬಿದ್ದಿದೆ ನೋಡಿ."

"ಕೂದಲು ಬೆಳೆಯತ್ತೆ ಕಣೇ. ನಿನ್ನ ಹಾಗೆ ಕೂತಲ್ಲೇ ಕೂತಿರಲ್ಲ," ಎಂದು ಮೇಷ್ಟ್ರು ತಲೆ ಎತ್ತದೆ ಹೇಳಿದರು. ಅವಳು ಮಗುವಿನ ಮುಂಗೂದಲನ್ನು ಕಿವಿಯ ಹಿಂದೆ ಸಿಕ್ಕಿಸಿ ಒಳಗೆ ಹೋದಳು. ಎಂಥಾ ಗಂಡಸಪ್ಪಾ ಇವನು!

ಮರುದಿನ ಮಧ್ಯಾಹ್ನ ಪರದೆ ಎಳೆದ ಕೋಣೆಯಲ್ಲಿ ಕತ್ತಲು ದಟ್ಟವಾಗಿತ್ತು. ಮಗಳು ಮೇಷ್ಟ್ರ ಮಡಿಲಲ್ಲಿದ್ದಳು. ಬೆಳಿಗ್ಗೆ ಹೊಸ್ತಿಲಿಗೆ ಎಡವಿ ಮಂಡಿ ತರಚಿಕೊಂಡಿದ್ದಳು, ಅದಕ್ಕೊಂದು ಪ್ಲಾಸ್ಟರ್. ಫೋನಿನೊಳಗಿನ ಆಟಗಾರ ಹೊಂಡಕ್ಕೆ ಬಿದ್ದ. ಲೋಡ್. ಮತ್ತೆ ಬಿದ್ದ. ಲೋಡ್. ಮಗು ಪ್ಲಾಸ್ಟರನ್ನು ಕಿತ್ತು ಅಪ್ಪನ ಮುಖಕ್ಕೆ ಹಿಡಿಯಿತು. ಕಿತ್ತೆಯಾ ಎಂದು ಗದರಲು ಬಗ್ಗಿದ ಮೇಷ್ಟ್ರು ಮಂಡಿ ನೋಡಿದರು.

ಗಾಯವಿರಲಿಲ್ಲ. ಗಾಯದ ಗುರುತೂ ಇರಲಿಲ್ಲ. ಪ್ಲಾಸ್ಟರಿನ ಒಳಗೆ ಮಾತ್ರ ರಕ್ತ ಹಸಿಯಾಗಿತ್ತು.

ಕೋಣೆಯಲ್ಲಿ ಸುಟ್ಟ ಕೂದಲಿನ ವಾಸನೆ ಎದ್ದಿತು. ಮೇಷ್ಟ್ರಿಗೆ ಹಲ್ಲು, ಕೂದಲು, ಕಿಟಕಿ ಎಲ್ಲ ಒಟ್ಟಿಗೆ ನೆನಪಿಗೆ ಬಂತು. ತಾನು ಮಾಡಿದ್ದೇನೆಂದು ಗೊತ್ತಾಯಿತು. ಆಟವನ್ನೇ ಅಳಿಸಿಬಿಡೋಣ ಎಂದು ಬೆರಳು ಚಾಚಿದರು, ಅದರೊಂದಿಗೆ ಮಗಳೂ ಅಳಿಸಿಹೋದರೆ ಎಂದು ಹೆದರಿ ಹಿಂದೆಗೆದರು. ಆಗಲೂ ಆ ತಲೆಗೆ ತನ್ನ ಜಾಣತನದ ಮೇಲೇ ನಂಬಿಕೆ. ಮಾಟಗಾರನಿಗಿಂತ ತಾನು ಒಂದು ಕೈ ಮೇಲು ಎಂದುಕೊಂಡರು. ಹಿಂದಕ್ಕೆ ಹೋಗಲು ಹಳೆಯ ಸೇವ್ ಒಂದು ಉಳಿದಿದ್ದರೆ ತಾನೇ ಅಪಾಯ? ಎರಡನೇ ಸ್ಲಾಟಿನ ಮೇಲೆ ಈಗಿನದನ್ನು ಸೇವ್ ಮಾಡಿದರು. ಹಳೆಯದು ಅಳಿಸಿಹೋಯಿತು. ಇನ್ನು ಒಂದನೆಯದು, ಮಗಳು ಹುಟ್ಟುವ ಮೊದಲಿನದು. ಅದರ ಮೇಲೂ ಈಗಿನದನ್ನೇ ಸೇವ್ ಮಾಡಿಬಿಟ್ಟರೆ ಹಿಂದೆ ಅನ್ನುವುದೇ ಇರುವುದಿಲ್ಲ.

ಒಂದನೇ ಸ್ಲಾಟ್ ತೆರೆದರು. ಸೇತುವೆಯ ಚಿಕ್ಕ ಚಿತ್ರ ಕಂಡಿತು. ಅದರಡಿ ಸೇವ್, ಪಕ್ಕದಲ್ಲೇ ಲೋಡ್. ಮಗಳನ್ನು ಎದೆಗೆ ಒತ್ತಿಕೊಂಡರು. ಅವಳ ಕೂದಲು ಗದ್ದಕ್ಕೆ ತಾಗಿತು. ಬೆಳಗಿನಿಂದ ಆ ಹೆಬ್ಬೆರಳು ಕಲಿತದ್ದು ಒಂದೇ ಪಾಠ. ಸತ್ತರೆ ಲೋಡ್. ಬಿದ್ದರೆ ಲೋಡ್. ಹೆಬ್ಬೆರಳು ತಾನಾಗಿ ಇಳಿಯಿತು.

ಲೋಡ್.

ಸೇತುವೆಯ ಕೀರಲು ಸಂಗೀತ ಶುರುವಾಯಿತು. ಮಡಿಲು ಹಗುರಾಯಿತು. ಮೇಷ್ಟ್ರ ಕೈಯಲ್ಲಿ ಒಂದು ಪುಟ್ಟ ಫ್ರಾಕು ಉಳಿದಿತ್ತು. ಇನ್ನೂ ಬೆಚ್ಚಗಿತ್ತು. ಮಂಚದ ಕೆಳಗೆ ನೋಡಿದರು. ಪರದೆ ಕಿತ್ತೆಳೆದರು. ಇಲ್ಲ. ಎಲ್ಲೂ ಇಲ್ಲ.

ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು.

ಓಡಿದರು. ಹೆಂಡತಿ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಸಿದಿದ್ದಳು. ಸಡಿಲವಾಗಿ ಜೋತಾಡುತ್ತಿದ್ದ ನೈಟಿ ಹೊಟ್ಟೆಯ ಮೇಲೆ ಬಿಗಿದು ಹೊಲಿಗೆ ಬಿಟ್ಟಿತ್ತು. ಏಳು ತಿಂಗಳ ಹೊಟ್ಟೆ. ಇಬ್ಬರೂ ನೋಡುತ್ತಿದ್ದಂತೆ ಒಳಗಿನಿಂದ ಒಂದು ಪುಟ್ಟ ಕಾಲು ಒದೆಯಿತು, ಬಟ್ಟೆ ಅಲುಗಿತು.

ಅವಳು ಎರಡೂ ಕೈಯಿಂದ ಹೊಟ್ಟೆಯನ್ನು ಹಿಡಿದುಕೊಂಡಿದ್ದಳು. ಡಾಕ್ಟರಮ್ಮನ ಮಾತು ಅವಳಿಗೂ ನೆನಪಿತ್ತು, ಅವರಿಗೂ ನೆನಪಿತ್ತು. ಮೇಷ್ಟ್ರ ಒಂದು ಕೈಯಲ್ಲಿದ್ದ ಫ್ರಾಕನ್ನು ನೋಡಿದಳು, ಇನ್ನೊಂದು ಕೈಯಲ್ಲಿ ಇನ್ನೂ ಹಾಡುತ್ತಿದ್ದ ಫೋನನ್ನು ನೋಡಿದಳು, ಕೊನೆಗೆ ಅವರ ಮುಖ ನೋಡಿದಳು. ಇಷ್ಟು ವರ್ಷ ಗೋಡೆಯಾಚೆಯಿಂದ ಕೇಳಿ ಕೇಳಿ ಬಾಯಿಪಾಠವಾಗಿದ್ದ ಮಾತನ್ನು ಮೆಲ್ಲಗೆ ಕೇಳಿದಳು.

"ಕಣ್ಣು ಎಲ್ಲಿಟ್ಕೊಂಡಿದ್ರಿ?"