ಎರಡು ಬಿಳಿ, ಐದು ಹಸಿರು

ಬಚ್ಚಲಿನ ಬಾಗಿಲು ತೆರೆದ ಹಿರಿಯ ಸೊಸೆ ಹಾಕಿದ ಕೂಗಿಗೆ ಮೂರು ಬೀದಿಯ ಕಾಗೆಗಳು ಊರು ಬಿಟ್ಟವು. ಅರ್ಧದಷ್ಟು ಇನ್ನೂ ವಾಪಸು ಬಂದಿಲ್ಲ.

ಒಳಗೆ ಹಗ್ಗಕ್ಕೆ ಏಳು ಪ್ಲಾಸ್ಟಿಕ್ ಚೀಲ ನೇತಾಡುತ್ತಿದ್ದವು. ಕಾಫಿ ಸೋಸಿ ಉಳಿದ ಚರಟಕ್ಕೆ ಅಣಬೆ ಬೀಜ ಬೆರೆಸಿ, ಬಾಯಿ ಬಿಗಿದು, ಕತ್ತಲಲ್ಲಿ ತೂಗುಹಾಕಿ ಹನ್ನೆರಡು ದಿನ. ಎರಡು ಚೀಲ ಹತ್ತಿ ತುಂಬಿದ ದಿಂಬಿನಂತೆ ಬೆಳ್ಳಗಿದ್ದವು. ಉಳಿದ ಐದರಲ್ಲಿ — ಹಸಿರು ಬೂಷ್ಟು!

ಬಿಳಿಯ ಎರಡನ್ನು ತುಂಬಿದ್ದು ಹಿರಿಯ ಸೊಸೆ. ಹಸಿರಿನ ಐದನ್ನು ತುಂಬಿದ್ದು ಅವಳ ಓರಗಿತ್ತಿ, ಕಿರಿಯ ಸೊಸೆ.

"ಕೈ ತೊಳ್ಕೊಳೇ ಅಂತ ಬಡ್ಕೊಂಡೆ!"

"ತೊಳ್ಕೊಂಡಿದ್ದೆ ಅಕ್ಕಾ. ಎರಡು ಸಲ ಸೋಪು ಹಾಕಿ."

"ಹಾಗಾದ್ರೆ ನನ್ನ ಚೀಲ ಯಾಕೆ ಬೆಳ್ಳಗಿದೆ? ನಿನ್ನದಕ್ಕೆ ಮಾತ್ರ ಯಾಕೆ ಬಂತು ಈ ರೋಗ?"

ಕಿರಿಯವಳು ಸರ್ರನೆ ತಿರುಗಿದಳು. ಒಳಗೆ ಹೋಗಿ ಮಂಚದಡಿಯಿಂದ ಟ್ರಂಕು ಎಳೆದಳು. ಬೇರೆ ಮನೆ ಮಾಡುತ್ತೇನೆ ಎಂದಳು. ಅವಳ ಗಂಡನೂ ಹೂಂ ಎಂದು ತಲೆಯಾಡಿಸಿದ.

ಆಗ ಎದ್ದರು ಮೀಟರ್ ಮಾವ. ಸೊಸೆಯರ ಮಾವನ ಅಣ್ಣ ಇವರು; ನಲವತ್ತು ವರ್ಷ ಮನೆಮನೆಯ ನೀರಿನ ಮೀಟರು ಓದಿ ನಿವೃತ್ತರಾದವರು. ಇವರೆದುರು ಸುಳ್ಳು ಹೇಳಿ ದಕ್ಕಿಸಿಕೊಂಡ ನಲ್ಲಿ ಭೂಮಂಡಲದಲ್ಲಿಲ್ಲ. ಪಕ್ಕದ ಊರಲ್ಲಿ ಹನಿ ತೊಟ್ಟಿಕ್ಕಿದರೆ ಯಾರ ಅಡುಗೆಮನೆಯದೆಂದು ಮಲಗಿದಲ್ಲೇ ಹೇಳುತ್ತಿದ್ದರು. ಅಂಥವರೂ ಆವತ್ತು ಹೆದರಿದರು. ಹೆಂಡತಿ ಮಕ್ಕಳಿಲ್ಲದ ಅವರಿಗೆ ಜಗತ್ತಿನಲ್ಲಿದ್ದದ್ದು ಈ ಒಂದು ಒಲೆ. ಅದು ಎರಡಾದರೆ ಯಾವುದರ ಮುಂದೆ ತಟ್ಟೆ ಹಿಡಿಯುವುದು?

"ಟ್ರಂಕಿಗೇನೂ ಕಾಲಿಲ್ಲ. ಒಂದು ಗಂಟೆ ಅಲ್ಲೇ ಇರಲಿ," ಎಂದರು.

ಮೊದಲು ಹಿರಿಯ ಸೊಸೆಯ ಗಂಡನ ವಿಚಾರಣೆ.

"ನೀನು ಚೀಲ ಮುಟ್ಟಿದ್ಯೇನೋ?"

"ದೊಡ್ಡಪ್ಪಾ, ಬಚ್ಚಲು ಕಳ್ಕೊಂಡು ಹನ್ನೆರಡು ದಿನದಿಂದ ಹಿತ್ತಲಲ್ಲಿ ಸ್ನಾನ ಮಾಡ್ತಿದೀನಿ. ಪಕ್ಕದ ಮನೆ ಬೆಕ್ಕಿಗೂ ನನ್ನ ಮುಖ ನೋಡೋಕೆ ನಾಚಿಕೆ. ಸಿಟ್ಟಿದೆ, ಇಲ್ಲ ಅನ್ನಲ್ಲ. ಆದ್ರೆ ಬಚ್ಚಲಿನ ಬೀಗದ ಕೈ ಇವಳ ಸೊಂಟದಲ್ಲಿದೆಯಲ್ಲ!"

ಮಾವ ಚೀಲಗಳ ಗಂಟುಗಳನ್ನು ಒಂದೊಂದಾಗಿ ನೋಡಿದರು. ಯಾವುದನ್ನೂ ಬಿಚ್ಚಿದ ಗುರುತಿಲ್ಲ. ಅಂದಮೇಲೆ ಕೇಡು ಒಳಹೊಕ್ಕಿದ್ದು ಚೀಲ ತುಂಬಿದ ದಿನವೇ.

"ಆ ದಿನದ್ದು ಹೇಳಿ. ಮೊದಲಿಂದ."

"ಕಾಫಿ ಅಂಗಡಿಯವರು ಬಕೆಟ್ ತುಂಬ ಚರಟ ಕಳಿಸಿದ್ರು," ಎಂದಳು ಹಿರಿಯವಳು. "ಹೊಗೆಯಾಡ್ತಿತ್ತು. ಕುದಿಯೋ ನೀರು ಹಾದು ಬಂದಿರುತ್ತಲ್ಲ, ಅದರಲ್ಲಿ ಬೇರೆ ಬೂಷ್ಟು ಉಳಿಯಲ್ಲ. ಅವತ್ತಿನದು ಅವತ್ತೇ ತುಂಬಿಬಿಡಬೇಕು. ಮೇಲಿಂದ ನಾನು ತಟ್ಟೆಗೆ ತೋಡ್ಕೊಂಡೆ. ಬಿಸಿಗೆ ಬೀಜ ಹಾಕಿದ್ರೆ ಸಾಯುತ್ತೆ ಅಂತ ಆರೋಕೆ ಬಿಟ್ಟೆ."

"ನೀನಮ್ಮಾ?"

"ಉಳಿದದ್ದನ್ನ ಬಕೆಟ್ಟಿಂದಲೇ ಎತ್ತಿ ತುಂಬಿದೆ ಮಾವ," ಎಂದಳು ಕಿರಿಯವಳು.

"ಆರಿಸ್ಲಿಲ್ವಾ?"

"ಆರಿಸೋಕೇನಿತ್ತು? ತಣ್ಣಗೇ ಇತ್ತು."

"ಅಕ್ಕನ ತಟ್ಟೆ ಆರಿದ ಮೇಲಾ, ಮೊದಲಾ?"

"ಮೊದಲೇ. ಅಕ್ಕ ಇನ್ನೂ ಬೀಸಣಿಗೆ ಬೀಸ್ತಾ ಇದ್ರು."

"ನೋಡಿದ್ರಾ ಇವಳ ಅವಸರ!" ಹಿರಿಯವಳು ಕೈ ಚಾಚಿದಳು.

ಮಾವ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಅವರು ಲೆಕ್ಕ ಹಾಕುವಾಗ ಗೋಡೆಯ ಗಡಿಯಾರವೂ ಟಿಕ್ ಎನ್ನಲು ಅಪ್ಪಣೆ ಕೇಳುತ್ತದೆ. ಚಪ್ಪಲಿ ಮೆಟ್ಟಿ ಹೊರಟರು.

ಕಾಫಿ ಅಂಗಡಿಗೆ ಜನ ಬರಬೇಕಾದ ಹೊತ್ತು. ಇದ್ದ ಎಂಟು ಮೇಜುಗಳಲ್ಲಿ ಆರರ ಮೇಲೆ ಕುರ್ಚಿಗಳು ಕಾಲು ಮೇಲೆ ಮಾಡಿ ಮಲಗಿದ್ದವು. ಲೋಟ ತೊಳೆಯುವ ತೊಟ್ಟಿ ಒಣಗಿತ್ತು. ನೀರಿನ ಮನುಷ್ಯನ ಕಣ್ಣು ಮೊದಲು ಬಿದ್ದದ್ದೇ ಅಲ್ಲಿಗೆ.

"ದಿನಕ್ಕೆ ಎಷ್ಟು ಲೋಟ ಹೋಗುತ್ತೆ ಯಜಮಾನ್ರೇ?"

"ಮುನ್ನೂರಕ್ಕೆ ಮೋಸವಿಲ್ಲ!" ಅಂಗಡಿಯವನು ಎದೆ ಸೆಟೆಸಿದ.

ಮಾವ ತೊಟ್ಟಿಯತ್ತ ನೋಡಿದರು. ಅವನೂ ನೋಡಿದ. ಎದೆ ನಿಧಾನವಾಗಿ ಇಳಿಯಿತು.

"ನಮ್ಮ ಮನೇಲಿ ಒಬ್ಬಳು ಟ್ರಂಕು ಕಟ್ತಿದಾಳೆ," ಎಂದರು ಮಾವ, ಮೆಲ್ಲಗೆ. "ನಿಮ್ಮ ಬಕೆಟ್ಟಿನ ದೆಸೆಯಿಂದ. ಬರ್ತೀರಾ?"

ಅವನು ಹೆಗಲ ಮೇಲಿನ ಬಟ್ಟೆ ತೆಗೆದಿಟ್ಟು ಹಿಂದೆಯೇ ಬಂದ.

ನಡುಮನೆಯಲ್ಲಿ ಎಲ್ಲರೂ ನಿಂತಿದ್ದರು. ಮಾವ ಹಿರಿಯ ಸೊಸೆಯನ್ನೇ ಕೇಳಿದರು:

"ದೊಡ್ಡ ಪಾತ್ರೆಯಲ್ಲಿ ಅನ್ನ ಮಾಡಿಟ್ಟರೆ ಮೊದಲು ಆರೋದು ಯಾವುದಮ್ಮಾ?"

"ಮೇಲಿನದು."

"ಒಳಗೆ ಬೆರಳಿಟ್ಟರೆ?"

"ಸುಡುತ್ತೆ."

"ಹಾಗಾದ್ರೆ ಮೇಲಿನ ಚರಟ ಹೊಗೆಯಾಡ್ತಿರೋವಾಗ ಒಳಗಿನದು ತಣ್ಣಗೆ ಹೇಗಾಯ್ತು?"

ಮಾವ ತಾವೇ ಉತ್ತರ ಹೇಳಿದರು.

"ಅದು ಅವತ್ತಿನದಾಗಿರಲಿಲ್ಲ. ನಾಲ್ಕಾರು ದಿನ ಕೂಡಿಟ್ಟ ಹಳೇ ಚರಟ. ಬೂಷ್ಟು ಅಲ್ಲೇ ಮನೆ ಮಾಡಿತ್ತು. ಅದರ ಮೇಲೆ ಅವತ್ತಿನ ಬಿಸಿ ಚರಟ, ಎರಡು ಚೀಲದಷ್ಟು. ನಿನಗೆ ಮೇಲಿನದು ಸಿಕ್ತು, ಇವಳಿಗೆ ತಳದ್ದು. ಇವಳ ಕೈಯಲ್ಲಿ ಏನೂ ದೋಷವಿಲ್ಲ. ಬಕೆಟ್ ತುಂಬಿದವರು — ಇವರು!"

ಅಂಗಡಿಯವನು ತಲೆ ಎತ್ತಲಿಲ್ಲ. "ಮೊದಲು ಒಂದೇ ಬೆಳಗ್ಗೆ ಬಕೆಟ್ ತುಂಬ್ತಿತ್ತು ತಾಯಿ. ಈಗ ವಾರ ಹಿಡಿಯುತ್ತೆ. ತಳ ಕಾಣೋ ಬಕೆಟ್ ಬೀದಿ ದಾಟಿದ್ರೆ ಅಂಗಡಿ ಮುಳುಗ್ತಿದೆ ಅಂತ ಎಲ್ಲರಿಗೂ ಗೊತ್ತಾಗ್ತಿತ್ತು. ಅಣಬೆಗೆ ಹಳೇದೇನು, ಹೊಸದೇನು ಅಂದ್ಕೊಂಡೆ."

ಹಿರಿಯವಳಿಗೆ ಬೈಯಲು ಬಾಯಿ ಬರಲಿಲ್ಲ. "ಇನ್ಮೇಲೆ ಎಷ್ಟಾಗುತ್ತೋ ಅಷ್ಟೇ ಕಳಿಸಿ. ಮೇಲೆ ತಟ್ಟೆ ಮುಚ್ಚಿ ಕಳಿಸಿ, ಯಾರಿಗೂ ಕಾಣಲ್ಲ," ಎಂದಳು. ಆಮೇಲೆ ಓರಗಿತ್ತಿಯ ಕಡೆ ತಿರುಗಿದಳು. "ತಪ್ಪಾಯ್ತು ಕಣೇ."

ಕಿರಿಯವಳು ಕರಗಲಿಲ್ಲ. "ಮಾವ ವಿಚಾರಿಸದೇ ಹೋಗಿದ್ರೆ? ನನ್ನ ಒಂದು ಮಾತು ನಿಮಗೆ ಸಾಕಾಗ್ತಿತ್ತಾ ಅಕ್ಕಾ?"

ಮೀಟರ್ ಮಾವನ ಪತ್ತೇದಾರಿಕೆ ಅಲ್ಲಿಗೆ ಮುಗಿದಿತ್ತು. ಈ ಪ್ರಶ್ನೆಗೆ ಸುಳಿವು ಹುಡುಕಿಕೊಡುವ ವಿದ್ಯೆ ಅವರಿಗೂ ಗೊತ್ತಿರಲಿಲ್ಲ. 

ಹಿರಿಯವಳು ಓರಗಿತ್ತಿಯ ಮುಖವನ್ನೇ ನೋಡಿ ಹೇಳಿದಳು:

"ಇಲ್ಲ ಕಣೇ. ಸಾಕಾಗ್ತಿರ್ಲಿಲ್ಲ."

ಆ ಸೂರಿನಡಿ ಅಷ್ಟು ನೆಟ್ಟಗಿನ ಮಾತು ಸಾವಿರ ವರ್ಷದಲ್ಲಿ ಯಾರೂ ಆಡಿರಲಿಲ್ಲ. ಕಿರಿಯವಳು ಕಟ್ಟಿದ ಟ್ರಂಕಿನ ಮೇಲೆಯೇ ಕುಸಿದು ಕೂತಳು.

"ಸುಳ್ಳಿಗೆ ಹೂಂ ಅಂದಿದ್ರೆ ಹೊರಟೇ ಹೋಗ್ತಿದ್ದೆ," ಎಂದಳು. ಸ್ವಲ್ಪ ಹೊತ್ತಿಗೆ ಎದ್ದು ಸೆರಗು ಸಿಕ್ಕಿಸಿದಳು. "ಬನ್ನಿ, ಆ ಐದನ್ನ ಮೊದಲು ಆಚೆ ಹಾಕೋಣ. ನಿಮ್ಮ ಎರಡಕ್ಕೂ ಅಂಟಿಬಿಡುತ್ತೆ."