ಲೀವಿಯಾಳ ಚಿತ್ರದ ಹಿಂದಿನ ಗೋಡೆ

ಕೊಲ್ಲಿ ದೇಶದ ಅಲ್ ಬರ್ಷಾದಲ್ಲಿರುವ ನಮ್ಮ ಹೋಟೆಲಿನಲ್ಲಿ ಕಳೆದ ವರ್ಷ ಇಟಲಿಯ ಮೊಂತಲ್ವೇರಿ ಎಂಬ ಪ್ರಬಲ ಮನೆತನದ ಚರಿತ್ರೆಯ ಪ್ರದರ್ಶನ ನಡೆಯಿತು. ಹಾಲ್‌ನ ಉಸ್ತುವಾರಿ ನನ್ನದು. ಉದ್ಘಾಟನೆಯ ಸಂಜೆ ಆ ಮನೆತನದ ಈಗಿನ ಯಜಮಾನ, ಹಿಂದಿನ ಕಾಲದ ಲೀವಿಯಾ ಎಂಬ ಸೊಸೆಯ ಚಿತ್ರದ ಮುಂದೆ ನಿಂತು, "ಇವಳ ಬಾಯಿ ಬಹಳ ಜೋರಿತ್ತಂತೆ. ಗಂಡ ಇವಳನ್ನು ಕೋಣೆಯಲ್ಲಿ ಬಿಟ್ಟು ಬಾಗಿಲಿಗೆ ಗೋಡೆ ಕಟ್ಟಿಸಿದ. ಮನೆ ಶಾಂತವಾಯಿತು" ಎಂದ. ಅತಿಥಿಗಳು ನಕ್ಕರು. ನನ್ನ ಮೈಯೆಲ್ಲ ಉರಿದುಹೋಯಿತು. ಹೆಂಗಸೊಬ್ಬಳನ್ನು ಜೀವಂತ ಮುಚ್ಚಿದ್ದು ಇವರಿಗೆ ತಮಾಷೆ.

ಆ ನಗುವಿನ ನಡುವೆಯೇ ಚಿತ್ರದ ಹಿಂದೆ ಏನೋ ಕೆರೆಯುವ ಸದ್ದು ಕೇಳಿತು. ಎಸಿಯಿಂದ ಹಾಲ್‌ನಲ್ಲಿ ಚಳಿ ಕೊರೆಯುತ್ತಿತ್ತು. ಚಿತ್ರದ ಹತ್ತಿರ ಮಾತ್ರ ಬೆವರುವಷ್ಟು ಸೆಕೆ, ಹಸಿ ಸುಣ್ಣದ ವಾಸನೆ.

ಜೊತೆಗೆ ಕೆಲಸ ಮಾಡುವ ಬೆಟ್ಟಿ ನನ್ನ ಕೈ ಹಿಡಿದಳು. "ರೀಮಾ, ನಿಂಗೂ ಕೇಳ್ತಾ ಉಂಟಾ?"

ನಾನು ಮುಂದೆ ಹೋಗಿ, "ಸರ್, ಅವಳನ್ನು ನೋಡಿ ನಗಬೇಡಿ" ಎಂದೆ.

ಮ್ಯಾನೇಜರ್ ನನ್ನನ್ನು ಪಕ್ಕಕ್ಕೆ ಕರೆದರು. "ಖಲಾಸ್, ಸಾಕು ರೀಮಾ. ಗೆಸ್ಟ್ ಎದುರು ಒಂದು ಮಾತೂ ಬೇಡ."

"ಅವಳಿಗೂ ಹೀಗೇ ಹೇಳಿರ್ಬೇಕು, ಸರ್."

ಕೆರೆತ ಜೋರಾಯಿತು. ನಗು ತಾನಾಗಿ ನಿಂತಿತು. ಯಜಮಾನ ಬಿಳುಚಿಕೊಂಡು, ಯಾರಿಗೂ ಹೇಳದೆ ಹೊರಟುಹೋದ.

ಕೆಲಸದವರು ಚಿತ್ರ ಇಳಿಸಿದಾಗ ಗೋಡೆಯ ತುಂಬ ಉಗುರಿನ ಗೀರುಗಳಿದ್ದವು. ನಾನೇ ಗೀರಿದ್ದೆಂದು ಮ್ಯಾನೇಜರ್ ಗದರಿದರು. ನಾನು ಒಪ್ಪಲಿಲ್ಲ, ಇವತ್ತಿಗೂ ಒಪ್ಪುವುದಿಲ್ಲ. ಗಾರೆ ಒಳಗಿನಿಂದ ಹೊರಕ್ಕೆ ಎದ್ದಿತ್ತು. ಆ ಗೋಡೆಯ ಆಚೆ ಕೋಣೆಯಿಲ್ಲ, ನಿಲ್ಲಲು ಜಾಗವೂ ಇಲ್ಲ. ನಮ್ಮ ಹಾಲ್ ಇರುವುದು ಹನ್ನೊಂದನೆಯ ಮಹಡಿಯಲ್ಲಿ.